ಹೊಸಿಲಿನ ಅಂಬಲಿ, ನಮ್ಮ ಮನೆಯ ನರ್ಸು

ನಾನು ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನನ್ನ ಬಾಯಿ ಸ್ವಲ್ಪ ಖಾರ ಎಂದು ಮಕ್ಕಳೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಇಬ್ಬರೂ ಒಪ್ಪಿದ ಮೇಲೆ ಸುಳ್ಳಿರಲಾರದು. ಸುಮ್ಮಸುಮ್ಮನೆ ಯಾರನ್ನೂ ಹೊಗಳುವ ಅಭ್ಯಾಸ ನನಗಿಲ್ಲ. ಆದರೆ ನನ್ನ ಅಣ್ಣನ ಮಗಳ ವಿಷಯಕ್ಕೆ ಬಂದರೆ ನಾನು ಸೋತವಳು. ಹೊಗಳದೆ ಇರಲು ಆಗುವುದಿಲ್ಲ.

ನನ್ನ ತವರು ತೂಬಗೆರೆ ಹೋಬಳಿಯ ಒಂದು ಸಣ್ಣ ಊರು. ಅಲ್ಲಿ ಅಣ್ಣ, ಅತ್ತಿಗೆ, ಅವ್ವ ಇದ್ದಾರೆ. ದ್ರಾಕ್ಷಿ ತೋಟವಿದೆ, ಕೊಟ್ಟಿಗೆಯಲ್ಲಿ ಸೀಮೆಹಸುಗಳಿವೆ. ಅಣ್ಣನಿಗೆ ಇರುವವಳು ಒಬ್ಬಳೇ ಮಗಳು. ಎರಡನೇ ಪಿಯುಸಿ ಫಲಿತಾಂಶ ಬಂದ ದಿನ ಆ ಹುಡುಗಿ ಜಗಲಿಯ ಮೇಲೆ ಕೂತು, ಅಪ್ಪನ ಮುಖ ನೋಡದೆ, ಬೆರಳಿನಲ್ಲಿ ಚಾಪೆಯ ಅಂಚು ಕೀಳುತ್ತಾ ಹೇಳಿದಳು.

"ನಾನು ನರ್ಸಿಂಗ್ ಓದ್ತೀನಿ."

ಅಣ್ಣ ಹಾಲಿನ ಕ್ಯಾನು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. "ಏನು, ಕಂಡೋರ ಮೈ ತೊಳೆಯೋ ಕೆಲ್ಸನಾ?" ಅಂದ.

ಅವನ ತಕರಾರು ಅಷ್ಟೇ. ಓದಿಸುವುದಕ್ಕೆ ಅವನು ಹಿಂದೆಗೆದವನಲ್ಲ. ಟೀಚರ್ ಆಗು, ಬ್ಯಾಂಕಿಗೆ ಹೋಗು, ನಿಮ್ಮತ್ತೆ ಥರ ಬಾಯಿ ಮಾಡಿಕೊಂಡು ಬದುಕು ಎಂದೇ ಅನ್ನುತ್ತಿದ್ದ. ಆದರೆ ಮಗಳು ಪರಗಂಡಸರ ಗಾಯ ಒರೆಸುವುದು, ಬೆಡ್‌ಪ್ಯಾನ್ ಎತ್ತುವುದು, ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ ಮಾಡುವುದು ಅವನಿಗೆ ನುಂಗಲಾರದ ತುತ್ತಾಗಿತ್ತು. ಊರಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂಬುದು ಇನ್ನೊಂದು ಚಿಂತೆ. ಅವ್ವ ಮಾತ್ರ, "ಆಸ್ಪತ್ರೇಲಿ ಒಬ್ರು ನಮ್ಮೋರಿದ್ರೆ ಒಳ್ಳೇದು ಕಣ್ಲಾ, ಚೀಟಿ ಮಾಡಿಸೋಕಾದ್ರೂ ಆಗ್ತದೆ" ಅಂದಳು. ಅವ್ವನ ದೃಷ್ಟಿಯಲ್ಲಿ ನರ್ಸೆಂದರೆ ಸಾಲಿನಲ್ಲಿ ಮುಂದೆ ನಿಲ್ಲಿಸುವವಳು.

ಕಡೆಗೆ ಅಣ್ಣ ನನ್ನ ಕಡೆ ತಿರುಗಿ, "ನೀನೇ ಕರ್ಕೊಂಡ್ಹೋಗಿ ತೋರ್ಸು. ಕಣ್ಣಾರೆ ಕಂಡ್ರೆ ಅವಳೇ ಬೇಡ ಅಂತಾಳೆ" ಅಂದ. ಮಗಳಿಗೆ ರಕ್ತ ಕಂಡರೆ ಆಗುವುದಿಲ್ಲವೆಂದು ಅವನ ನಂಬಿಕೆ. ಕೋಳಿ ಕೊಯ್ಯುವಾಗ ಅವಳು ಹಿತ್ತಲಿಗೆ ಹೋಗುತ್ತಿದ್ದದ್ದು ನಿಜ. ಕೊಯ್ದ ಮೇಲೆ ಬಂದು ತಿನ್ನುತ್ತಿದ್ದದ್ದೂ ನಿಜ.

ನನಗೂ ಆ ಓದಿನ ತಲೆಬುಡ ಗೊತ್ತಿರಲಿಲ್ಲ. ನರ್ಸಿಂಗ್ ಎಂದರೆ ಒಂದೇ ಎಂದುಕೊಂಡಿದ್ದೆ. ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಬಸ್ಸು ಹತ್ತಿ ಬೆಂಗಳೂರಿನ ದಾರಿಯುದ್ದಕ್ಕೂ ಕಾಲೇಜು ನೋಡುತ್ತಾ ಹೋದೆವು. ಮೊದಲನೆಯದರ ಗೇಟಿನಲ್ಲೇ ಒಬ್ಬ ಏಜೆಂಟ್ ಗಂಟುಬಿದ್ದ. ಮಾತು ಬೆಣ್ಣೆ. ಮಹಡಿಯ ಮೇಲೆ ಕರೆದುಕೊಂಡು ಹೋಗಿ ಮಂಚಗಳ ಸಾಲು ತೋರಿಸಿ, "ನೋಡಿ ಮೇಡಂ, ಪ್ರಾಕ್ಟಿಕಲ್ ಎಲ್ಲಾ ಇಲ್ಲೇ" ಅಂದ. ನಮ್ಮ ಹುಡುಗಿ ಒಂದು ಮಂಚದ ಹೊದಿಕೆ ಎತ್ತಿದಳು. ಹಾಸಿಗೆಗೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಗೇ ಇತ್ತು.

"ಇದ್ರ ಮೇಲೆ ಯಾರೂ ಮಲ್ಗೇ ಇಲ್ಲ. ರೋಗಿಗಳು ಎಲ್ಲಿದ್ದಾರೆ ಸಾರ್?" ಎಂದಳು.

ಅವನು ಯಾವುದೋ ಆಸ್ಪತ್ರೆಯ ಜೊತೆ ಮಾತಾಗಿದೆ, ಆಗುತ್ತದೆ, ಆಗಲಿದೆ ಎಂದು ಮೂರು ಕಾಲದಲ್ಲೂ ಉತ್ತರ ಕೊಟ್ಟ. ನಾವು ಕೆಳಗಿಳಿದು ಬಂದೆವು. ಮೆಟ್ಟಿಲಲ್ಲಿ ಅವಳು, "ಕತ್ತೆ ಬಾಲ ಹಿಡ್ಕೊಂಡು ಕುದುರೆ ಸವಾರಿ ಕಲಿಸ್ತಾರಂತೆ ಅತ್ತೆ" ಅಂದಳು. ಆವತ್ತೇ ನನಗೆ ಅನ್ನಿಸಿತು, ಇವಳು ಮೋಸ ಹೋಗುವ ಪೈಕಿಯಲ್ಲ.

ಮೂರನೆಯ ಕಾಲೇಜು ಒಂದು ದೊಡ್ಡ ಆಸ್ಪತ್ರೆಯ ಬೆನ್ನಿಗೇ ಇತ್ತು. ಅಲ್ಲಿ ಯಾರೂ ಗಂಟುಬೀಳಲಿಲ್ಲ, ಯಾರಿಗೂ ಪುರುಸೊತ್ತೂ ಇರಲಿಲ್ಲ. ಹೊರರೋಗಿಗಳ ಜಗಲಿಯ ಕಲ್ಲುಬೆಂಚಿನ ಮೇಲೆ ಕೂತು ನೋಡೋಣ ಅತ್ತೆ ಎಂದಳು. ಮಧ್ಯಾಹ್ನದವರೆಗೆ ಕೂತೆವು. ಬಿಳಿ ಮೇಲಂಗಿಯ ವಿದ್ಯಾರ್ಥಿನಿಯೊಬ್ಬಳು ಒಬ್ಬ ಮುದುಕನನ್ನು ಶೌಚಾಲಯಕ್ಕೆ ನಡೆಸಿಕೊಂಡು ಹೋಗುತ್ತಿದ್ದಳು. ಒಂದು ಕೈಯಲ್ಲಿ ಅವನ ತೋಳು, ಇನ್ನೊಂದು ಕೈಯಲ್ಲಿ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದಿದ್ದಳು. ಮುದುಕನ ಪಂಚೆ ಜಾರಿತು. ಆ ಹುಡುಗಿ ಬಾಟಲಿ ಕೆಳಗಿಳಿಸದೆ, ಮುದುಕನಿಗೆ ಮುಜುಗರವಾಗದ ಹಾಗೆ ಏನೋ ಮಾತಾಡಿಸುತ್ತಲೇ, ತೋಳು ಬಿಟ್ಟ ಕೈಯಲ್ಲಿ ಪಂಚೆಯನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ತೋಳು ಹಿಡಿದಳು. ನಮ್ಮವಳು ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಬೇಡ ಅನ್ನುತ್ತಾಳೆಂದು ಅಣ್ಣ ಕಳಿಸಿದ್ದು ಇದನ್ನು ನೋಡಲಿಕ್ಕೆ. ನೋಡಿದ ಮೇಲೆ ಅವಳು ಹಟ ಹಿಡಿದಳು.

ಅಲ್ಲಿ ಪಾಠ ಹೇಳುವ ಒಬ್ಬ ಮೇಡಂ ಊಟದ ಡಬ್ಬಿ ಬಿಚ್ಚುತ್ತಲೇ ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಹಳ್ಳಿಗಳಲ್ಲಿ ತಾಯಿ ಮಕ್ಕಳ ಆರೋಗ್ಯ ನೋಡುವವರದು ಎಎನ್ಎಂ ಓದು. ವಾರ್ಡಿನ ಕೆಲಸಕ್ಕೆ ಮೂರು ವರ್ಷದ ಜಿಎನ್ಎಂ ಇದೆ, ಅದಕ್ಕೆ ಆರ್ಟ್ಸ್ ಓದಿದವರೂ ಬರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಬಯಾಲಜಿ ಬೇಕೇ ಬೇಕು. ಮುಂದೆ ಎಂಎಸ್ಸಿ ಮಾಡಿ ಕಲಿಸಬಹುದು, ಐಸಿಯುನಲ್ಲಿ ಪಳಗಬಹುದು, ಸರ್ಕಾರಿ ಪರೀಕ್ಷೆ ಬರೆಯಬಹುದು. ಯಾವ ಕಾಲೇಜಾದರೂ ಸೇರುವ ಮೊದಲು ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಇದೆಯಾ ನೋಡಿ, ನಿಜವಾದ ರೋಗಿಗಳಿರುವ ಆಸ್ಪತ್ರೆ ಇದೆಯಾ ನೋಡಿ ಎಂದರು. ಕೊನೆಗೆ ನಮ್ಮ ಹುಡುಗಿಯನ್ನು ನೋಡಿ, "ಓದೋದು ಡಾಕ್ಟ್ರಷ್ಟು ಇಲ್ಲ ಅಂತ ಅಂದ್ಕೊಂಡು ಬರಬೇಡ. ಅಳ್ತೀಯ. ಆದ್ರೂ ಬರ್ತೀಯ?" ಎಂದು ಕೇಳಿದರು.

"ಬರ್ತೀನಿ ಮೇಡಂ."

ಅದೇ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿತು. ಅಣ್ಣ ಒಪ್ಪಿದ, ಆದರೆ ಬಾಯಿಬಿಟ್ಟು ಒಪ್ಪಲಿಲ್ಲ. "ನಡೀಲಿ, ನೋಡಾನ" ಅಂದ. ನಮ್ಮ ಕಡೆ ಆ ಮಾತಿಗೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದರ್ಥ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಮೇಡಂ ಹೇಳಿದಂತೆ ಅವಳು ಅತ್ತಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳ ಕೈಗೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕಗಳು ಬಂದವು. ಭಾನುವಾರ ನನ್ನ ಮನೆಗೆ ಬಂದು ಡಿಕ್ಷನರಿ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಮೂಳೆಯೊಂದಕ್ಕೆ ಇಷ್ಟುದ್ದ ಹೆಸರು ಯಾಕೆ ಬೇಕು, ಮುರಿದರೆ ನೋಯುವುದು ಒಂದೇ ಅಲ್ಲವೇ ಎಂದು ನಾನು ಗೊಣಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಔಷಧಿಯ ಲೆಕ್ಕ ಮಾಡುವಾಗಂತೂ ನನ್ನನ್ನು ಮಾತಾಡಿಸಲೇ ಬಿಡುತ್ತಿರಲಿಲ್ಲ. ಇಷ್ಟು ತೂಕದ ಮಗುವಿಗೆ ಇಷ್ಟು ಮದ್ದು, ಬಾಟಲಿಯಲ್ಲಿರುವುದು ಇಷ್ಟು, ಸಿರಿಂಜಿನಲ್ಲಿ ಎಳೆಯಬೇಕಾದದ್ದೆಷ್ಟು ಎಂದು ಲೆಕ್ಕ ಮಾಡಿ, ಮತ್ತೆ ತಿರುಗಿಸಿ ಮಾಡಿ, ಆಮೇಲೆ ಇನ್ನೊಮ್ಮೆ ಮಾಡುತ್ತಿದ್ದಳು. "ಚುಕ್ಕೆ ಒಂದ್ಕಡೆಯಿಂದ ಇನ್ನೊಂದ್ಕಡೆ ಹೋದ್ರೆ ಮಗು ಹೋಗ್ಬಿಡುತ್ತೆ ಅತ್ತೆ" ಎಂದಳು ಒಮ್ಮೆ. ನಾನು ಕಾಗುಣಿತ ತಪ್ಪಿದ ಮಕ್ಕಳ ಕಿವಿ ಹಿಂಡುವವಳು. ಆ ಮಾತು ಕೇಳಿ ನನ್ನ ಕೆಲಸ ಎಷ್ಟು ಹಗುರ ಅನ್ನಿಸಿತು.

ಹಬ್ಬಕ್ಕೆ ಊರಿಗೆ ಬಂದರೆ ಮನೆಯೆಲ್ಲ ಅವಳ ವಾರ್ಡು. ಅವ್ವನ ಮಂಚದ ಮೇಲೆ ಹಳೆಯ ಸೀರೆ ಹಾಸಿ, ಮೂಲೆಗಳನ್ನು ಮಡಚಿ, ಒಂದು ಸುಕ್ಕಿಲ್ಲದ ಹಾಗೆ ಎಳೆದು ಕಟ್ಟುತ್ತಿದ್ದಳು. ಸುಕ್ಕಿದ್ದರೆ ಮಲಗೇ ಇರುವ ರೋಗಿಯ ಬೆನ್ನು ಹುಣ್ಣಾಗುತ್ತದಂತೆ. "ನಾನೆಲ್ಲಿ ಮಲಗೇ ಇರ್ತೀನಿ, ಎದ್ದು ಸಗಣಿ ಬಾಚೋರು ಯಾರು?" ಎಂದು ಅವ್ವ ಅವಳನ್ನು ರೇಗಿಸುತ್ತಿದ್ದಳು. ಬಿ.ಪಿ. ನೋಡುವ ಪಟ್ಟಿ ತಂದ ದಿನ ಕೇರಿಯ ಹೆಂಗಸರೆಲ್ಲ ತೋಳು ಚಾಚಿಕೊಂಡು ಬಂದರು. ಅಣ್ಣ ಮಾತ್ರ ತೋಟಕ್ಕೆ ಹೋದ.

ಎರಡನೇ ವರ್ಷ ಮುಗಿಯುತ್ತಾ ಬಂದಾಗ ಹಳ್ಳಿಗಳ ಮನೆಮನೆಗೆ ಹೋಗುವ ಕೆಲಸ ಹಾಕಿದರು. ಅಲ್ಲಿಂದ ಬಂದವಳು ನನಗೊಂದು ವಿಷಯ ಹೇಳಿದಳು. ಹಸುಗೂಸಿನ ತಾಯಂದಿರನ್ನು, ಮಗುವಿಗೆ ಎದೆಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟಿರಾ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಿದ್ದರಂತೆ. ಆದರೆ ಮೂಲೆಯಲ್ಲಿ ಬಜೆ ತೇಯುವ ಕಲ್ಲು ಒದ್ದೆಯಾಗಿರುತ್ತಿತ್ತು, ಕಿಟಕಿಯಲ್ಲಿ ಜೇನಿನ ಬಾಟಲಿ ಇರುತ್ತಿತ್ತು. ಅವಳ ಮೇಡಂ ಹೇಳಿಕೊಟ್ಟಿದ್ದು ಇಷ್ಟು. ಕೊಟ್ಟಿರಾ ಎಂದು ಕೇಳಿದರೆ ಬೈತಾರೆಂದು ಹೆದರಿ ಇಲ್ಲ ಎನ್ನುತ್ತಾರೆ. ಬೆಳಿಗ್ಗೆ ಏನು ಕೊಟ್ಟಿರಿ ಎಂದು, ನಮ್ಮ ಮನೆಯಲ್ಲೂ ಕೊಡುತ್ತಾರೆ ಅನ್ನುವ ಹಾಗೆ ಕೇಳು, ಹೇಳುತ್ತಾರೆ. "ಜನ ಸುಳ್ಳು ಹೇಳಲ್ಲ ಅತ್ತೆ, ಮಾನ ಉಳಿಸ್ಕೋತಾರೆ ಅಷ್ಟೇ. ನಾವು ಅವ್ರ ಮಾನ ಕಾದು ಕೇಳ್ಬೇಕು" ಎಂದಳು. ಇಷ್ಟು ವರ್ಷ ಮಕ್ಕಳನ್ನು ನಿಲ್ಲಿಸಿಕೊಂಡು ಹೋಂವರ್ಕ್ ಮಾಡಿದ್ದೀಯಾ ಎಂದು ಗದರಿದವಳು ನಾನು. ಈ ಮಾತನ್ನು ಮನಸ್ಸಿಗೆ ಕಟ್ಟಿಕೊಂಡೆ.

ಅದೇ ಸಮಯದಲ್ಲಿ ಅಣ್ಣನಿಗೆ ಹರ್ನಿಯಾ ಎಂದು ತಿಳಿಯಿತು. ದ್ರಾಕ್ಷಿ ಕ್ರೇಟುಗಳನ್ನು ಎತ್ತಿ ಎತ್ತಿ ತೊಡೆಸಂದಿನಲ್ಲಿ ಗಂಟು ಇಳಿದಿತ್ತು. ಗಂಡಸು, ಅದೂ ಅಂಥ ಜಾಗದಲ್ಲಿ, ಯಾರಿಗೂ ಹೇಳದೆ ಬಹಳ ದಿನ ಬಿಗಿಹಿಡಿದುಕೊಂಡೇ ಓಡಾಡಿದ್ದ. ಕೊನೆಗೆ ಆಪರೇಷನ್ ಎಂದು ತೀರ್ಮಾನವಾಯಿತು. ನಮ್ಮ ದೊಡ್ಡಪ್ಪ ಜೋಯಿಸರನ್ನು ಕೇಳಿ ಗಳಿಗೆ ಇಡಿಸಿದರು. ಸೋಮವಾರ, ರಾಹುಕಾಲ ಕಳೆದ ಕೂಡಲೇ. ಡಾಕ್ಟರನ್ನು ಕಾಡಿ ಬೇಡಿ ಆ ದಿನದ ಮೊದಲ ಆಪರೇಷನ್ ಅಣ್ಣನದೇ ಆಗುವಂತೆ ಮಾಡಿದ್ದರು. ಹಿಂದಿನ ರಾತ್ರಿ ಊಟವಾದ ಮೇಲೆ ಬಾಯಿಗೆ ಏನೂ ಹಾಕಬೇಡಿ, ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಈಗ ಅವ್ವನ ಒಂದು ಕಾನೂನನ್ನು ಹೇಳಬೇಕು. ಬರೀ ಹೊಟ್ಟೆಯಲ್ಲಿ ಯಾರೂ ನಮ್ಮ ಮನೆಯ ಹೊಸಿಲು ದಾಟುವ ಹಾಗಿಲ್ಲ. ಶಾಲೆಗೆ ಹೋಗಲಿ, ಸಂತೆಗೆ ಹೋಗಲಿ, ಕೋರ್ಟಿಗೆ ಹೋಗಲಿ, ಹೊಸಿಲ ಬಳಿ ಅವ್ವ ಚೊಂಬು ಹಿಡಿದು ನಿಂತಿರುತ್ತಾಳೆ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಈರುಳ್ಳಿ ತುಣುಕು ಬಿಟ್ಟಿರುತ್ತಾಳೆ. ಕುಡಿಯದೆ ಹೋದರೆ ದಾರಿಯಲ್ಲಿ ಕಾಲು ಸೋಲುತ್ತದೆ, ಹೋದ ಕೆಲಸ ಆಗುವುದಿಲ್ಲ ಎಂಬುದು ಅವಳ ನಂಬಿಕೆ. ಅವ್ವ ಕೊಟ್ಟಿದ್ದನ್ನು ಬೇಡ ಅನ್ನುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಮದುವೆಯ ದಿನ ನಾನು ಮದುವಣಗಿತ್ತಿಯಾಗಿ ಕಾರು ಹತ್ತುವಾಗಲೂ ರೇಷ್ಮೆ ಸೀರೆಯ ಮೇಲೆ ಟವೆಲ್ ಹೊದಿಸಿ ಕುಡಿಸಿದ್ದಳು.

ಆ ಸೋಮವಾರ ನಾನು ದೊಡ್ಡಬಳ್ಳಾಪುರದಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಅಣ್ಣನನ್ನು ಊರಿಂದ ಅವ್ವ, ದೊಡ್ಡಪ್ಪ ಕಾರಿನಲ್ಲಿ ಕರೆತಂದಿದ್ದರು. ಹಸುಗಳನ್ನು ನೋಡಿಕೊಳ್ಳಲು ಅತ್ತಿಗೆ ಮನೆಯಲ್ಲೇ ಉಳಿದಿದ್ದಳು. ಹಿಂದೆಯೇ ಟೆಂಪೋದಲ್ಲಿ ಅರ್ಧ ಊರು ಬಂದಿತ್ತು. ಹುಡುಗಿ ಹಾಸ್ಟೆಲಿನಿಂದ ಬಸ್ಸಿನಲ್ಲಿ ಬಂದು ಇಳಿದಳು. ಅಷ್ಟರಲ್ಲಿ ಅಣ್ಣ ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಮುದುರಿ ಕೂತಿದ್ದ. ವಾರ್ಡಿನ ಸಿಸ್ಟರ್ ಬಂದು ಕೇಳಿ ಹೋಗಿಯೂ ಆಗಿತ್ತು. "ಬೆಳಿಗ್ಗೆ ಏನಾದ್ರೂ ತಗೊಂಡ್ರಾ?" "ಇಲ್ಲಮ್ಮ." ಅಷ್ಟೇ ಮಾತು.

ಹುಡುಗಿ ಅಪ್ಪನ ಕಾಲು ಮುಟ್ಟಿ ನೋಡಿದಳು, ತಣ್ಣಗಿದೆಯೆಂದು ಹೊದಿಕೆ ಎಳೆದಳು. ಆಮೇಲೆ ಅವ್ವನ ಪಕ್ಕ ಹೋಗಿ ಕೂತು, ಅವಳ ಕೈ ಹಿಡಿದುಕೊಂಡು, ಏನೂ ವಿಶೇಷವಿಲ್ಲದ ದನಿಯಲ್ಲಿ ಕೇಳಿದಳು.

"ಅಜ್ಜಿ, ಬೆಳಿಗ್ಗೆ ಅಪ್ಪಂಗೆ ಅಂಬಲಿ ಎಷ್ಟು ಕೊಟ್ಟೆ?"

"ಜಾಸ್ತಿ ಇಲ್ಲ ಕಣವ್ವ," ಅಂದಳು ಅವ್ವ ಅಷ್ಟೇ ಸಹಜವಾಗಿ. "ಅರ್ಧ ಚೊಂಬು. ಆಸ್ಪತ್ರೆಯೋರು ಬೇಡ ಅಂದಿದ್ರಲ್ಲ ಅಂತ ನೀರ್ ನೀರಾಗೇ ಮಾಡಿದ್ದೆ. ಕುಯ್ಸಿಕೊಳ್ಳಾಕೆ ಹೋಗೋನ್ನ ಹಸ್ಕೊಂಡು ಕಳ್ಸಾಕಾಗ್ತದಾ?"

ಹುಡುಗಿಯ ಮುಖ ಬಿಳಿಚಿಕೊಂಡಿದ್ದು ನನಗೆ ಕಾಣಿಸಿತು. ನನಗಿನ್ನೂ ಅರ್ಥವಾಗಿರಲಿಲ್ಲ. ಅರ್ಧ ಚೊಂಬು ಅಂಬಲಿ ಏನು ಮಹಾ ಎಂದೇ ಕೇಳಿದೆ. ಅವಳು ಅವ್ವನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅದು ಸಾಲದಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಉಳಿಸಿಕೊಳ್ಳುವುದು ಕಷ್ಟ.

ಅಣ್ಣನಿಗೂ ಅದು ಕೇಳಿಸಿತು. ಅವನು ಸುತ್ತ ನೋಡಿದ. ಬಾಗಿಲಲ್ಲಿ ದೊಡ್ಡಪ್ಪ ಕೈಗಡಿಯಾರ ನೋಡುತ್ತಾ ನಿಂತಿದ್ದರು. ಊರವರು ಹೊರಗೆ ಜಗಲಿ ತುಂಬಾ ಕೂತಿದ್ದರು.

"ಸುಮ್ನಿರು," ಅಂದ ಅಣ್ಣ, ಹಲ್ಲುಕಚ್ಚಿ. "ನಿಮ್ಮಜ್ಜೀನ ಇಷ್ಟು ಜನದ ಮುಂದೆ ನಿಲ್ಸಿ ಬೈತಾರೆ. ಗಳಿಗೆ ಮೀರುತ್ತೆ. ಏನೂ ಆಗಲ್ಲ ನಂಗೆ."

"ಅಪ್ಪಾ, ಹೇಳ್ಲೇಬೇಕು."

"ಹೇಳಿದ್ರೆ ನಿನ್ನ ಓದು ಇಲ್ಲಿಗೆ ಮುಗೀತು ಅಂತ ತಿಳ್ಕೊ. ಕಾಲೇಜಿಲ್ಲ, ಹಾಸ್ಟೆಲಿಲ್ಲ. ಇಲ್ಲಿಂದ ಸೀದಾ ಮನೆಗೆ."

ಅಣ್ಣ ಹೆದರಿಸಲು ಹೇಳುವವನಲ್ಲ. ಹೇಳಿದರೆ ಮಾಡುವವನು. ಅದು ಆ ಕೋಣೆಯಲ್ಲಿದ್ದ ನಮಗೆಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಅವಳ ಅಳು, ಡಿಕ್ಷನರಿ, ತಿರುಗಿಸಿ ತಿರುಗಿಸಿ ಮಾಡಿದ ಲೆಕ್ಕ ಎಲ್ಲ ನನ್ನ ಕಣ್ಣ ಮುಂದೆ ಬಂತು. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ದೇವರೇ ಬಲ್ಲ. ಬಾಯಿ ಖಾರವಿದ್ದ ಮಾತ್ರಕ್ಕೆ ಎದೆ ಗಟ್ಟಿ ಇರಬೇಕೆಂದಿಲ್ಲ.

ಅವಳು ಅಪ್ಪನ ಹೊದಿಕೆಯನ್ನು ಇನ್ನೊಮ್ಮೆ ಸರಿಮಾಡಿದಳು. "ಆಯ್ತಪ್ಪ, ಮನೆಗೇ ಬರ್ತೀನಿ," ಎಂದಳು. ಎದ್ದು ಸಿಸ್ಟರ್‌ಗಳ ಮೇಜಿನ ಕಡೆ ಹೋದಳು.

ನಾನು ಹಿಂದೆ ಹೋದೆ. ಅವಳು ಅಜ್ಜಿ ಕೊಟ್ಟಳು ಎಂದು ಹೇಳಲಿಲ್ಲ, ಅಪ್ಪ ಮುಚ್ಚಿಟ್ಟ ಎಂದೂ ಹೇಳಲಿಲ್ಲ. "ನಮ್ಮ ತಂದೆ ಬೆಳಿಗ್ಗೆ ಅಂಬಲಿ ಕುಡ್ದಿದ್ದಾರೆ ಸಿಸ್ಟರ್, ಮಜ್ಜಿಗೆ ಬೆರೆಸಿದ್ದು, ಅರ್ಧ ಚೊಂಬು" ಎಂದು ಮಾತ್ರ ಹೇಳಿದಳು. ಅಲ್ಲಿದ್ದ ಸಿಸ್ಟರ್ ತಕ್ಷಣ ಒಳಗೆ ಫೋನ್ ಮಾಡಿದರು. ಅರಿವಳಿಕೆ ಕೊಡುವ ಡಾಕ್ಟರು ಹೊರಗೆ ಬಂದು ಅವಳನ್ನೇ ಇನ್ನೊಮ್ಮೆ ಕೇಳಿ, ಇವತ್ತು ಆಗುವುದಿಲ್ಲ ಎಂದರು. ಆಪರೇಷನ್ ಮಾಡಬೇಕಾಗಿದ್ದ ಡಾಕ್ಟರು ಮಧ್ಯಾಹ್ನದ ಮೇಲೆ ಬೇರೆ ಕಡೆ ಹೋಗುವವರು. ಮಾರನೆಯ ದಿನ ಮಂಗಳವಾರ, ನಮ್ಮವರು ಬೇಡ ಅಂದರು. ಬುಧವಾರಕ್ಕೆ ಹೋಯಿತು. ಅಲ್ಲಿಯವರೆಗೆ ಅಣ್ಣ ಆಸ್ಪತ್ರೆಯಲ್ಲೇ ಇರಬೇಕಾಯಿತು.

ಆಮೇಲೆ ಆಗಿದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಯಾರೂ ಅವ್ವನನ್ನು ಬೈಯಲಿಲ್ಲ, ಡಾಕ್ಟರೂ ಬೈಯಲಿಲ್ಲ. ಬೈಗುಳವೆಲ್ಲ ಹುಡುಗಿಯ ಪಾಲಿಗೆ ಬಂತು. ದೊಡ್ಡಪ್ಪ, "ಎರಡಕ್ಷರ ಕಲ್ತ ಕೂಡ್ಲೇ ಹೆತ್ತಪ್ಪನ್ನೇ ಬೀದಿಗೆ ತಂದ್ಲು" ಎಂದರು. ಟೆಂಪೋದಲ್ಲಿ ಬಂದ ಹೆಂಗಸೊಬ್ಬಳು, ಬಂದ ದಾರಿಗೆ ಸುಂಕವಿಲ್ಲ ಎಂದು ಗೊಣಗಿಕೊಂಡು ಬಿಸ್ಕೆಟ್ ಪೊಟ್ಟಣ ವಾಪಸ್ ಚೀಲಕ್ಕೆ ಹಾಕಿದಳು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ನಾನು ದೊಡ್ಡಪ್ಪನಿಗೆ ನಾಲ್ಕು ಮಾತು ಆಡಿದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಅವ್ವನಿಗೆ ನಿಧಾನಕ್ಕೆ ವಿಷಯ ಗೊತ್ತಾಯಿತು. ಜಗಲಿಯ ಕಂಬಕ್ಕೆ ಒರಗಿ ಕೂತು, "ನನ್ನ ಕೈಯಾರೆ ನನ್ನ ಮಗನ್ನ ಕೊಲ್ತಿದ್ನಾ?" ಎಂದು ಎದೆ ಎದೆ ಬಡಿದುಕೊಂಡಳು. ಬೈಸಿಕೊಂಡ ಹುಡುಗಿಯೇ ಅವಳ ಕಾಲ ಬಳಿ ಕೂತಳು. "ಇಲ್ಲಜ್ಜಿ. ಯಾಕೆ ಬೇಡ ಅಂತ ನಿಂಗ್ಯಾರೂ ಬಿಡಿಸಿ ಹೇಳ್ಲಿಲ್ಲ. ಹೇಳಿದ್ರೆ ನೀನೇ ಚೊಂಬು ಅಡಗಿಸಿ ಇಡ್ತಿದ್ದೆ. ಅದು ಹೇಳ್ದೇ ಇದ್ದೋರ ತಪ್ಪು, ನಾನೂ ಫೋನಲ್ಲಿ ಹೇಳ್ಬೋದಿತ್ತು" ಎಂದಳು. ಅವ್ವ ಅವಳ ತಲೆಯನ್ನು ಸೆರಗಿನಲ್ಲಿ ಹುದುಗಿಸಿಕೊಂಡಳು. ಹುಡುಗಿ ಅಲ್ಲೂ ಅಳಲಿಲ್ಲ.

ಅವಳು ಹಾಸ್ಟೆಲಿಗೆ ಹಿಂತಿರುಗಲಿಲ್ಲ. ಗೆಳತಿಗೆ ಫೋನ್ ಮಾಡಿ, ನನ್ನ ಬಟ್ಟೆಯೆಲ್ಲ ಕಟ್ಟಿಡು ಎಂದಳು. ಮಂಗಳವಾರವೆಲ್ಲ ಅಪ್ಪನ ಮಂಚದ ಪಕ್ಕದಲ್ಲಿದ್ದಳು. ಅಣ್ಣ ಅವಳನ್ನು ಮಾತಾಡಿಸಲಿಲ್ಲ. ನೀರು ಬೇಕಿದ್ದರೆ ನನ್ನನ್ನು ಕೇಳುತ್ತಿದ್ದ. ಅವಳೇ ಲೋಟ ತಂದು ನನ್ನ ಕೈಗೆ ಕೊಡುತ್ತಿದ್ದಳು, ನಾನು ಅವನಿಗೆ ಕೊಡುತ್ತಿದ್ದೆ. ಒಂದು ಮಂಚದ ಸುತ್ತ ಹೀಗೊಂದು ಅಂಚೆ ನಡೆಯಿತು.

ಬುಧವಾರ ಆಪರೇಷನ್ ಆಯಿತು. ಬೆನ್ನಿನ ಇಂಜೆಕ್ಷನ್ ಸಾಲದೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಯಿತು ಎಂದು ಹೊರಗೆ ಬಂದು ಹೇಳಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಏನೂ ಆಗಲಿಲ್ಲ. ನಾನು ಹುಡುಗಿಯ ಮುಖ ನೋಡಿದೆ. ಅವಳು ಗೆದ್ದವಳ ಹಾಗೆ ನೋಡಲಿಲ್ಲ. ಅಪ್ಪ ಎದ್ದರಾ, ಮಾತಾಡಿದರಾ ಎಂದು ಮಾತ್ರ ಕೇಳಿದಳು. ಆ ಕ್ಷಣ ನನಗೆ ಅವಳ ಮೇಲೆ ಬಂದಷ್ಟು ಹೆಮ್ಮೆ ನನ್ನ ಮಕ್ಕಳ ಮೇಲೂ ಯಾವತ್ತೂ ಬಂದಿಲ್ಲ. ಇದನ್ನು ಓದಿ ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಮಾರನೆಯ ಬೆಳಿಗ್ಗೆ ಡ್ರೆಸಿಂಗ್ ಬದಲಾಯಿಸುವ ಹೊತ್ತು. ಅಣ್ಣ ಮಗಳನ್ನು ಹೊರಗೆ ಕಳಿಸುವಂತೆ ನನಗೆ ಕಣ್ಸನ್ನೆ ಮಾಡಿದ. ಅವಳೇ ಎದ್ದು ಹೋಗಿ ಪರದೆಯಾಚೆ ನಿಂತಳು. ಗಂಡಸು ನರ್ಸಿದ್ದರೆ ಕಳಿಸಿ ಎಂದು ಅಣ್ಣ ಕೇಳಿದ, ಆ ಪಾಳಿಯಲ್ಲಿ ಯಾರೂ ಇರಲಿಲ್ಲ. ಬಂದದ್ದು ಒಬ್ಬ ಎಳೆ ವಯಸ್ಸಿನ ಸಿಸ್ಟರ್. ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಆ ಸಿಸ್ಟರ್ ಬೇಕಾದಷ್ಟೇ ಬಟ್ಟೆ ಸರಿಸಿ, ಉಳಿದದ್ದನ್ನು ಮುಚ್ಚಿ, ಅವನ ತೋಟದ ವಿಷಯ ಕೇಳುತ್ತಾ ಕೇಳುತ್ತಾ ಗಾಯ ಒರೆಸಿದಳು. ಈ ಸಲ ಹಣ್ಣು ಒಡೆಯಿತಾ ಅಂಕಲ್, ಮಳೆ ಬಿತ್ತಲ್ಲ ಎಂದಳು. ಅಣ್ಣ ಮೊದಲು ಹ್ಞೂಂಗುಟ್ಟಿದ, ಆಮೇಲೆ ಉತ್ತರ ಕೊಟ್ಟ, ಆಮೇಲೆ ಕಣ್ಣುಬಿಟ್ಟ.

"ಯಾವೂರಮ್ಮ ನಿಂದು?"

"ಜಡಿಗೇನಹಳ್ಳಿ ಹತ್ರ ಅಂಕಲ್. ನಮ್ಮಪ್ಪಾನೂ ಬೇಸಾಯನೇ. ಟೊಮ್ಯಾಟೊ, ಸೇವಂತಿಗೆ."

"ಇದ್ಕೆ ಕಳ್ಸಿದ್ರಾ ಅವ್ರು? ಬೇಡ ಅನ್ಲಿಲ್ವಾ?"

"ಅಂದ್ರು. ಒಂದು ವರ್ಷ ನನ್ನ ಮಾತಾಡಿಸ್ಲೇ ಇಲ್ಲ." ಅವಳು ಪಟ್ಟಿ ಅಂಟಿಸುತ್ತಾ ಹೇಳಿದಳು. "ಈಗ ಊರಲ್ಲಿ ಯಾರಿಗೆ ಜ್ವರ ಬಂದ್ರೂ ನಂಗೇ ಫೋನ್ ಮಾಡಿಸ್ತಾರೆ. ಎಲ್ಲಾ ಸರಿಹೋಯ್ತು ಅಂಕಲ್. ಆದ್ರೆ ಆ ಒಂದು ವರ್ಷ ಹಾಸ್ಟೆಲಲ್ಲಿ ಎಲ್ಲರ ಅಪ್ಪಂದಿರೂ ಬರೋರು, ನಮ್ಮಪ್ಪ ಬರ್ಲಿಲ್ಲ. ಅದು ಮಾತ್ರ ಈಗ ಏನ್ ಮಾಡಿದ್ರೂ ಬರಲ್ಲ ನೋಡಿ."

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ, ಟ್ರೇ ಎತ್ತಿಕೊಂಡು ಪಕ್ಕದ ಮಂಚಕ್ಕೆ ಹೋದಳು. ಅಣ್ಣ ಪರದೆಯ ಕಡೆ ನೋಡುತ್ತಾ ಮಲಗಿದ್ದ. ಪರದೆಯ ಕೆಳಗೆ ಅವನ ಮಗಳ ಚಪ್ಪಲಿ ಕಾಣುತ್ತಿತ್ತು. ಆ ದಿನ ಮಧ್ಯಾಹ್ನ ನೀರು ಬೇಕಾದಾಗ ನನ್ನ ಕಡೆ ನೋಡದೆ ಸುಮ್ಮನೆ ಕೈ ಚಾಚಿದ. ಹುಡುಗಿ ಲೋಟ ಕೊಟ್ಟಳು, ಅವನು ಕುಡಿದ.

ಡಿಸ್ಚಾರ್ಜ್ ಆದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಅಣ್ಣನನ್ನು ಕಿಟಕಿಯ ಪಕ್ಕ ಕೂರಿಸಿ, ನಡುವೆ ನಾನು, ಆಚೆ ತುದಿಯಲ್ಲಿ ಹುಡುಗಿ ಕೂತೆವು. ಅವ್ವ ಮುಂದೆ ಕೂತಿದ್ದಳು. ಹುಡುಗಿಯ ತೊಡೆಯ ಮೇಲೆ ಅವಳು ಹಾಸ್ಟೆಲಿನಿಂದ ತಂದಿದ್ದ ಒಂದೇ ಒಂದು ಚೀಲವಿತ್ತು. ಮನೆಗೆ ಬರ್ತೀನಿ ಎಂದು ಮಾತು ಕೊಟ್ಟಿದ್ದಳಲ್ಲ, ಆ ಮಾತು ಮುರಿಯುವ ಯೋಚನೆಯೇ ಅವಳಿಗಿದ್ದ ಹಾಗೆ ಕಾಣಲಿಲ್ಲ. ಇವಳ ಪರವಾಗಿ ಇವತ್ತು ರಾತ್ರಿ ಅಣ್ಣನ ಜೊತೆ ಜಗಳ ಕಾಯಲೇಬೇಕು ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಅಣ್ಣ, "ಇಲ್ಲೇ ನಿಲ್ಸಪ್ಪಾ" ಅಂದ. ಕಾರು ನಿಂತಿತು. "ಇಳಿ," ಅಂದ ಮಗಳಿಗೆ.

"ಏನ್ ತರ್ಬೇಕಪ್ಪ? ಮಾತ್ರೆ ಎಲ್ಲಾ ತಗೊಂಡಿದೀನಿ."

"ಏನೂ ತರ್ಬೇಡ. ಬೆಂಗಳೂರು ಬಸ್ಸು ಹತ್ತು. ಇಷ್ಟು ದಿನ ಕ್ಲಾಸು ತಪ್ಸಿದ್ದು ಸಾಕು."

ಅವಳು ಇಳಿದಳು. ಆದರೆ ಹೋಗಲಿಲ್ಲ. ಕಾರನ್ನು ಸುತ್ತಿಕೊಂಡು ಬಂದು ಅಪ್ಪನ ಕಿಟಕಿಯ ಬಳಿ ನಿಂತಳು. ಬೆಂಗಳೂರು ಬಸ್ಸು ಹೊರಡಲು ಸಿದ್ಧವಾಗಿತ್ತು, ಕಂಡಕ್ಟರ್ ಕೂಗುತ್ತಿದ್ದ.

"ಅಪ್ಪಾ, ನೀನು ಅವತ್ತು ಓದು ಮುಗೀತು ಅಂದಿದ್ದೆ."

"ಅಂದಿದ್ದೆ," ಅಂದ ಅಣ್ಣ. ಹೊಲಿಗೆಯ ಮೇಲೆ ಒಂದು ಕೈ ಒತ್ತಿಕೊಂಡು ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಅವಳ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿದ. "ನೀನು ನನ್ನ ಮಾತು ಕೇಳ್ಲಿಲ್ಲ. ಅದ್ಕೇ ನಾನು ಬದುಕಿ ಮನೆಗೆ ಹೋಗ್ತಿದೀನಿ. ಮುಂದಕ್ಕೂ ಹಂಗೇ ಇರು ಮಗಾ."

ಆಸ್ಪತ್ರೆಯಲ್ಲಿದ್ದ ಅಷ್ಟು ದಿನ ಯಾರ ಮುಂದೆಯೂ ಅಳದಿದ್ದ ಹುಡುಗಿ ಅಪ್ಪನ ಕೈಗೆ ಹಣೆ ಹಚ್ಚಿ, ಆ ಬಸ್‌ಸ್ಟ್ಯಾಂಡಿನ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸು ಹೋಯಿತು. ಇನ್ನೊಂದು ಬರುವವರೆಗೆ ಅಣ್ಣ ಡ್ರೈವರಿಗೆ ಕಾರು ತೆಗೆಯಲು ಬಿಡಲಿಲ್ಲ.